ಊರ ಗ್ವಾಡಿಯ ಮೊದಲ ಪುಟ

“ಮೊದಲನೇ ಪುಟ ಖಾಲಿ ಬಿಡಬ್ಯಾಡ್ರಿ.”

ನಿಂಬೆವ್ವ ಗಂಡನಿಗೆ ಹೇಳಿದ ಕೊನೆಯ ಮಾತು ಇದು. ಒಡವೆಯ ಮಾತು ಆಡಲಿಲ್ಲ, ಮನೆಯ ಮಾತು ಆಡಲಿಲ್ಲ. ಇಬ್ಬರೂ ಸೇರಿ ನಡೆಸುತ್ತಿದ್ದ ಜಾಲತಾಣದ ಮಾತು ಆಡಿದಳು. ಆಸ್ಪತ್ರೆಯ ಮಂಚದ ಮೇಲೆ ಇಷ್ಟು ಹೇಳಿ ಆ ಕಡೆ ಹೊರಳಿದವಳು ಮತ್ತೆ ಈ ಕಡೆ ಹೊರಳಲಿಲ್ಲ.

ಮೈಲಾರಪ್ಪ ಆ ಮಾತು ಮೀರಲಿಲ್ಲ. ಮೊದಲನೇ ಪುಟಕ್ಕೆ ಅವಳ ಫೋಟೋವನ್ನೇ ಹಾಕಿದ. ಸುತ್ತ ಚೆಂಡುಹೂವಿನ ಹಾರ. ಎರಡೂ ಬದಿಗೆ ಉರಿಯುವ ದೀಪ. ಆಮೇಲೆ ಆ ಪುಟಕ್ಕೆ ಕೈ ಹಚ್ಚಲಿಲ್ಲ.

ಅವನು ಬಾಡಿಗೆಗೆ ಮೂರು ಗಾಲಿಯ ಟಂಟಂ ಓಡಿಸುವವನು. ಓದಿದ್ದು ನಾಲ್ಕನೆಯ ಇಯತ್ತೆ. ಊರಿನ ಓಣಿಗಳೆಲ್ಲ ಬಲ್ಲವನು. ಅವಳು ಝೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡುತ್ತಿದ್ದಳು. ಯಾವ ಗೋಡೆಗೆ ಯಾರು ಏನು ಚಿತ್ರ ಬರೆದಿದ್ದಾರೆ ಎಂದು ಅವನು ನೋಡಿಕೊಂಡು ಬರುವುದು, ಫೋನಿನಲ್ಲಿ ಹಿಡಿದುಕೊಂಡು ಬರುವುದು. ಅದರಲ್ಲಿ ಒಂದನ್ನು ಅವಳು ಆರಿಸುವುದು, ಎರಡು ಮಾತು ಬರೆಯುವುದು. ಸೋಮವಾರಕ್ಕೊಂದು ಚಿತ್ರ ಮೊದಲ ಪುಟಕ್ಕೆ. ಜಾಲತಾಣಕ್ಕೆ ‘ಊರ ಗ್ವಾಡಿ’ ಎಂದು ಹೆಸರಿಟ್ಟವಳೂ ಅವಳೇ.

ಸೋಮವಾರ ಬಂತೆಂದರೆ ಊರಿಗೆ ಹುಚ್ಚು ಹಿಡಿಯುತ್ತಿತ್ತು. ಚಹಾದ ಅಂಗಡಿಯಲ್ಲಿ ಪಂಥ ಕಟ್ಟುವವರು. “ಈ ವಾರ ನಮ್ಮ ಓಣಿ ನೋಡ್ಲೇ!” ಎಂದು ಫೋನು ಎತ್ತಿ ಹಿಡಿದು ಓಡುವವರು. ತಮ್ಮ ಮನೆಯ ಗೋಡೆಗೂ ಏನಾದರೂ ಬರೆಯಿರಪ್ಪಾ ಎಂದು ಚಿತ್ರಗಾರರಿಗೆ ಮಂಡಕ್ಕಿ ಮಿರ್ಚಿ ಕೊಟ್ಟು ಕರೆಯುವ ಮುದುಕಿಯರು. ಬೋಳು ಗೋಡೆ ಇದ್ದವರಿಗೆ ನಾಚಿಕೆಯಾಗುವ ಕಾಲ ಅದು.

ಈಗ ಪುಟ ತೆರೆದರೆ ಹಾರ. ಅದು ತೆರೆದುಕೊಳ್ಳಲು ಹೊತ್ತು ಹಿಡಿಯುತ್ತಿತ್ತು. ಆಮೇಲೆ ದೀಪ ಹತ್ತಬೇಕು. ಅಷ್ಟರೊಳಗೆ ನೆಟ್ ನಿಲ್ಲುತ್ತಿತ್ತು. ಕೆಳಗಿದ್ದ ಹಳೆಯ ಗೋಡೆಚಿತ್ರಗಳು ಯಾರಿಗೂ ಕಾಣುತ್ತಿರಲಿಲ್ಲ. ಬಂದವರು ಒಂದು ಕೈಮುಗಿದ ಗುರುತು ಹಾಕಿ ಹೋಗುತ್ತಿದ್ದರು. ಮೈಲಾರಪ್ಪ ಅವನ್ನು ನೋಡುತ್ತ ಟಂಟಂನಲ್ಲೇ ಕೂತಿರುತ್ತಿದ್ದ.

ಒಂದು ದಿನ ಚಿತ್ರಗಾರ ದಾದಾಪೀರ ಓಡುತ್ತ ಬಂದ. ಮೈಯೆಲ್ಲ ಕೆಂಪು ಬಣ್ಣ.

“ಕಾಕಾ, ಡಿಪೋ ಗ್ವಾಡಿಗೆ ಹುಂಜ ಬರೀಲಿಕ್ಕತ್ತೇನಿ. ಬಸ್ಸಿಗಿಂತ ದೊಡ್ಡದು! ಮುಗಿಯೂದ್ರಾಗ ಗ್ವಾಡಿ ಮಾರಿಹೋತು. ನಾಳೆ ಮಧ್ಯಾಹ್ನ ಸಿಮೆಂಟಿನವರು ಬಂದು ಜಾಹೀರಾತು ಬಳೀತಾರ. ಬೆಳಿಗ್ಗೆ ಒಂದು ಫೋಟೋ ಹೊಡದು ಹಾಕ್ರಿ. ಮೊದಲನೇ ಪುಟಕ್ಕ.”

“ಮೊದಲನೇ ಪುಟದಾಗ ನಿಮ್ಮ ಕಾಕಿ ಅದಾಳ.”

“ಅದಾಳ ಕಾಕಾ, ಯಾರು ಇಲ್ಲಂದ್ರು? ನನ್ನ ಹುಂಜಕ್ಕ ಒಂದೇ ದಿನ ಐತಿ.”

“ಅಕಿನ್ನ ತಗದು ನಿನ್ನ ಕೋಳಿ ಹಾಕ್ಲೇನು?”

“ಕೋಳಿ ಅಲ್ರಿ, ಹುಂಜ!” ಎಂದು ದಾದಾಪೀರ ಹೊರಟುಹೋದ. ಸಿಟ್ಟೇ ಬಂದಿತ್ತು ಅವನಿಗೆ.

ಮೈಲಾರಪ್ಪ ಸಂಜೆ ಟಂಟಂ ತಿರುಗಿಸಿಕೊಂಡು ಮಠಕ್ಕೆ ಹೋದ. ಸಣ್ಣ ಮಠ. ಅಲ್ಲಿಯ ಸ್ವಾಮಿಗಳಾದ ಅಜ್ಜ ಜಗಲಿಯ ಮೇಲೆ ಕೂತು ಕಡಲೆ ಬಿಡಿಸುತ್ತಿದ್ದರು. ಮೈಲಾರಪ್ಪ ಫೋನು ಮುಂದೆ ಹಿಡಿದ. ಹಾರ ಬಂತು. ಒಂದು ದೀಪ ಹತ್ತಿತು. ಅಲ್ಲಿಗೆ ನಿಂತಿತು.

“ಅಜ್ಜಾರ, ಸತ್ತವರನ್ನ ಮುಂದ ಇಟ್ಕೊಳ್ಳೂದು ತಪ್ಪೇನ್ರಿ?”

ಅಜ್ಜ ಫೋನು ನೋಡಿದರು. ಅವನನ್ನು ನೋಡಿದರು. ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನ ಅಂಗಡಿಗೆ ಉದ್ದನೆಯ ಗೋಡೆ ಇತ್ತು. ಸಂತೆಗೆ ಬಂದವರೆಲ್ಲ ಆ ಗೋಡೆಯ ಮುಂದೆ ಕುಕ್ಕರಿಸುತ್ತಿದ್ದರು. ‘ಇಲ್ಲಿ ಮೂತ್ರ ಮಾಡಬಾರದು’ ಎಂದು ವ್ಯಾಪಾರಿ ಬರೆಸಿದ. ಜನ ಅದನ್ನು ಓದುತ್ತಲೇ ಮಾಡಿದರು. ಬೈದ. ಬೈಸಿಕೊಳ್ಳುತ್ತಲೂ ಮಾಡಿದರು.

ಕೊನೆಗೆ ಅವನು ಒಬ್ಬ ಚಿತ್ರಗಾರನನ್ನು ಕರೆಸಿದ. ಚಿತ್ರಗಾರ ಗೋಡೆಯ ತುಂಬ ಹನುಮಪ್ಪನನ್ನು ಬರೆದ. ಸಮುದ್ರ ಹಾರುವ ಹನುಮಪ್ಪ. ತಲೆ ಈ ಮೂಲೆಗೆ, ಬಾಲ ಆ ಮೂಲೆಗೆ. ಕೆಳಗೆ ನೀರು, ನೀರಿನಲ್ಲಿ ಬಾಯಿ ತೆರೆದ ಮೊಸಳೆ.

ಸಂತೆಗೆ ಸಂತೆಯೇ ಗೋಡೆಯ ಮುಂದೆ ಬಂದು ನಿಂತಿತು. ತೂಗುವವರು ತಕ್ಕಡಿ ಬಿಟ್ಟು ಬಂದರು. “ಕಾಲು ನೆಲಕ್ಕ ಹತ್ತಿಲ್ಲ ನೋಡ್ರೋ!” ಎಂದು ಒಬ್ಬ ಕೂಗಿದ. ಮಕ್ಕಳು ಗೋಡೆಯ ಉದ್ದಕ್ಕೂ ಹನುಮಪ್ಪನ ಜೊತೆ ಹಾರಿದರು. ದನಗಳು ಕೂಡ ಆ ಕಡೆ ಮುಖ ಮಾಡಿ ನಿಂತವು. ಉಚ್ಚೆಗೆ ಬಂದವರು ಕೈಮುಗಿದು ಬೇರೆ ಗೋಡೆ ಹುಡುಕಿಕೊಂಡು ಹೋದರು. ಚಿತ್ರಗಾರ ಬಣ್ಣದ ಡಬ್ಬಿ ಕಟ್ಟಿಕೊಂಡು ಮುಂದಿನ ಊರಿಗೆ ನಡೆದ.

ಮರುದಿನ ಒಬ್ಬಳು ಒಂದು ಹೂವು ಸಿಗಿಸಿದಳು. ಇನ್ನೊಬ್ಬ ಮಾಲೆ ತಂದ, ಮಾಲೆಗೆ ಒಂದು ಮೊಳೆ ಹೊಡೆದ. ಮತ್ತೊಬ್ಬ ಎಣ್ಣೆ ಹಚ್ಚಿದ. ಎಣ್ಣೆಯ ಮೇಲೆ ಸಿಂಧೂರ ಬಂತು. ಕರ್ಪೂರ ಬಂತು, ಊದಿನಕಡ್ಡಿ ಬಂತು. ಒಡೆದ ಕಾಯಿಯ ನೀರು ಚಿಮ್ಮಿತು. ಯಾರೂ ತೊಳೆಯಲಿಲ್ಲ. ದೇವರನ್ನು ಕಸಬರಿಗೆಯಿಂದ ತಿಕ್ಕುವುದು ಹೇಗೆ ಎಂದರು. ವ್ಯಾಪಾರಿಗೆ ಹಿಗ್ಗೋ ಹಿಗ್ಗು. ತನ್ನ ಗೋಡೆ ಗುಡಿಯಾಯಿತಲ್ಲ!

ಚಿತ್ರಗಾರ ಮರುವರ್ಷ ಅದೇ ದಾರಿಯಲ್ಲಿ ಬಂದ. ಗೋಡೆಯ ಮುಂದೆ ನಿಂತ. ಆ ಕಡೆ ನಡೆದ, ಈ ಕಡೆ ನಡೆದ.

“ಯಜಮಾನರೇ, ಇಲ್ಲೊಂದು ಹನುಮಪ್ಪನನ್ನು ಬರೆದಿದ್ದೆ” ಎಂದ.

“ಮೆಲ್ಲಗೆ ಮಾತಾಡು. ಚಪ್ಪಲಿ ಬಿಟ್ಟು ಬಾ. ಇಲ್ಲೇ ಇದ್ದಾನೆ” ಎಂದ ವ್ಯಾಪಾರಿ.

“ಎಲ್ಲಿ?”

ವ್ಯಾಪಾರಿ ಒಂದು ಮಾಲೆ ಎತ್ತಿದ. ಅದರ ಹಿಂದೆ ಒಣಗಿದ ಮಾಲೆ. ಅದನ್ನೂ ಎತ್ತಿದ. ಅದರ ಹಿಂದೆ ಎಣ್ಣೆ, ಎಣ್ಣೆಯ ಹಿಂದೆ ಮಸಿ. ಬಾಲ ಇದ್ದ ಮೂಲೆಗೆ ಓಡಿದ. ಅಲ್ಲಿ ಮೊಳೆಗಳು. ಮುಖ ಇದ್ದ ಮೂಲೆಗೆ ಓಡಿದ. ಅಲ್ಲಿ ಹೊಗೆ ಕುಡಿದ ಕರಿ ಗೋಡೆ. ಕೈಯೂರಿ ಸವರಿದ. ಕೈ ಕಪ್ಪಾಯಿತು.

ಅಜ್ಜ ಇಲ್ಲಿಗೆ ನಿಲ್ಲಿಸಿ ಒಂದು ಕಡಲೆ ಬಾಯಿಗೆ ಹಾಕಿಕೊಂಡರು. ಮೈಲಾರಪ್ಪ ತಡೆಯಲಾರದೆ ಕೇಳಿದ, “ಮುಂದ ಏನಾತ್ರಿ? ಹನುಮಪ್ಪ ಸಿಕ್ಕನೇನು?”

“ಹನುಮಪ್ಪನ್ನ ಅಳಿಸಿದವರು ಉಚ್ಚಿ ಹೊಯ್ದವರಲ್ಲಪಾ, ಕೈ ಮುಗದವರು.”

ಮೈಲಾರಪ್ಪ ಅಜ್ಜ ಕೊಟ್ಟ ಕಡಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮನೆಗೆ ಬಂದ.

ಮರುದಿನ ಬೆಳಿಗ್ಗೆ ಟಂಟಂ ತುಂಬ ಜನ. ಮೈಲಾರಪ್ಪ ಸ್ಟ್ಯಾಂಡಿಗೆ ಹೋಗುವ ದಾರಿ ಬಿಟ್ಟು ಡಿಪೋ ಕಡೆ ಹೊರಳಿಸಿದ. ಗೋಡೆಯ ಮೇಲೆ ಹುಂಜ ಎದೆ ಉಬ್ಬಿಸಿ ನಿಂತಿತ್ತು. ಕೆಂಪಂದರೆ ಕೆಂಪು. ಪುಕ್ಕ ಗೋಡೆ ಸಾಲದೆ ಪಕ್ಕದ ಕಾಂಪೌಂಡಿಗೂ ಹರಿದಿತ್ತು. ದಾದಾಪೀರ ಏಣಿಯ ತುದಿಯಲ್ಲಿ ಕೂತು ಕಣ್ಣಿಗೆ ಹಳದಿ ತುಂಬುತ್ತಿದ್ದ. ಮೈಲಾರಪ್ಪ ರಸ್ತೆಗೆ ಅಡ್ಡ ಟಂಟಂ ನಿಲ್ಲಿಸಿ, ಅದರ ನೆತ್ತಿಯ ಮೇಲೆ ಹತ್ತಿದ.

“ಏ ಮೈಲಾರಪ್ಪ, ನಮ್ಮ ಬಸ್ಸು ತಪ್ಪತೈತೋ!” ಒಳಗಿನಿಂದ ಒಬ್ಬಳು ಕೂಗಿದಳು.

“ಇನ್ನೊಂದು ಬಸ್ಸು ಬರತೈತಿ ಯವ್ವಾ, ಇಳದು ನೋಡು!”

ಅಷ್ಟು ದೊಡ್ಡ ದನಿ ಅವನ ಬಾಯಿಂದ ಬಂದು ಬಹಳ ದಿನವಾಗಿತ್ತು. ಜನ ಇಳಿದರು. ಏಣಿಯ ಮೇಲೆ ದಾದಾಪೀರ ಕುಂಚ ಎತ್ತಿ ನಕ್ಕ. ಮೈಲಾರಪ್ಪ ಫೋಟೋ ಹೊಡೆದ. ಅಲ್ಲೇ ಮೇಲೆ ಕೂತು ಮೊದಲ ಪುಟದಿಂದ ಹಾರ ತೆಗೆದ, ದೀಪ ತೆಗೆದ, ನಿಂಬೆವ್ವನನ್ನು ತೆಗೆದ. ಹುಂಜವನ್ನು ಹಾಕಿದ. ಅದರ ಕೆಳಗೆ ಒಂದೊಂದೇ ಅಕ್ಷರ ಒತ್ತಿ ತಾನೇ ಬರೆದ:

“ಡಿಪೋ ಗ್ವಾಡಿ. ಬರದವ ದಾದಾಪೀರ. ಬಣ್ಣ ಇನ್ನಾ ಹಸಿ ಐತಿ. ಮಧ್ಯಾಹ್ನದೊಳಗ ಎಲ್ಲಾರೂ ಬರ್ರಿ.”