ಕಾಗಕ್ಕನ ಅಂಗೈಯಗಲದ ಕೆರೆ

ಅಂಗೈಯಗಲದ ಕೆರೆ. ಮರದ ಮೇಲಿರೋ ಕೆರೆ. ಬುತ್ತಿ ಮುಚ್ಚೋ ಕೆರೆ. ಯಾವುದು ಹೇಳಿ?

ಉಹುಂ. ತಲೆ ಕೆರ್ಕೊಂಡ್ರೂ ಬರಲ್ಲ. ಕಥೆ ಕೇಳಿ.

ಜಾಜಿ ಅಂತ ಒಬ್ಬ ಪುಟ್ಟ ಹುಡುಗಿ. ಅವಳು ಹುಟ್ಟಿದಾಗಿಂದ ಕೆರೆ ನೋಡಿರಲಿಲ್ಲ. ನಾಳೆ ಅಜ್ಜಿ ಜೊತೆ ಕೆರೆದಂಡೆ ಪಾರ್ಕಿಗೆ ಹೋಗೋದು. ಉಯ್ಯಾಲೆ ಆಡೋದು. ದೋಣಿ ಹತ್ತೋದು. ಪುಳಿಯೋಗರೆ ತಿನ್ನೋದು. ಎಲ್ಲಾ ತಯಾರಿ ಆಗಿತ್ತು. ಅಷ್ಟರಲ್ಲಿ ಬುತ್ತಿ ಡಬ್ಬಿ ಮುಚ್ಚಳ ಮಾಯ! ಬಿಸಿಲಿಗೆ ಒಣಗಲಿ ಅಂತ ಇಟ್ಟಿದ್ದನ್ನ ಕಾಗೆ ಹೊತ್ತೊಯ್ದಿತ್ತು.

"ಮುಚ್ಚಳ ಇಲ್ದೆ ಬುತ್ತಿ ಇಲ್ಲ, ಬುತ್ತಿ ಇಲ್ದೆ ಕೆರೆ ಇಲ್ಲ ಕಣೇ," ಅಂದಳು ಅಜ್ಜಿ.

ಜಾಜಿ ಕಾಗೆ ಗೂಡಿನ ಮರದ ಹತ್ರ ಓಡಿದಳು.

"ಕಾಗಕ್ಕ, ಕಾಗಕ್ಕ, ಮುಚ್ಚಳ ಕೊಡು."

"ಕೊಡಲ್ಲ ಹೋಗೇ! ಇದು ಮುಚ್ಚಳ ಅಲ್ಲ, ನನ್ನ ಕೆರೆ. ನೋಡು, ಒಳಗೆ ಆಕಾಶ ಹೊಳೀತಿದೆ. ನಿಜವಾದ ಕೆರೆ ನೋಡಿದ ಮೇಲೆ ಬೇಕಾದ್ರೆ ಕೊಡ್ತೀನಿ. ಆದ್ರೆ ನಾನು ಹೋದ್ರೆ ಮೊಟ್ಟೆ ಯಾರು ಕಾಯ್ತಾರೆ?"

ಜಾಜಿ ಅಳಿಲಿನ ಹತ್ರ ಓಡಿದಳು.

"ಅಳಿಲಣ್ಣ, ಅಳಿಲಣ್ಣ, ಮೊಟ್ಟೆ ಕಾಯಿ. ಕಾಗಕ್ಕ ಕೆರೆ ನೋಡ್ತಾಳೆ. ಬಂದು ಮುಚ್ಚಳ ಕೊಡ್ತಾಳೆ."

"ಕಾಯಲ್ಲ! ಕೆರೆ ಕಾಗೆ ಮಾತ್ರ ನೋಡ್ಬೇಕಾ? ನಾನು ನೋಡ್ಬಾರ್ದಾ? ಆದ್ರೆ ನಾನು ಹೋದ್ರೆ ಕಡಲೆಕಾಯಿ ಯಾರು ಕಾಯ್ತಾರೆ?"

ಜಾಜಿ ಮೇಕೆ ಹತ್ರ ಓಡಿದಳು. ಕಡಲೆಕಾಯಿ ಕಾಯೋಕೆ ಮೇಕೆ! ನಗಬೇಡಿ.

"ಮೇಕೆಯಮ್ಮ, ಮೇಕೆಯಮ್ಮ, ಕಡಲೆಕಾಯಿ ಕಾಯಿ. ಅಳಿಲಣ್ಣ ಕೆರೆ ನೋಡ್ತಾನೆ. ಬಂದು ಮೊಟ್ಟೆ ಕಾಯ್ತಾನೆ. ಕಾಗಕ್ಕ ಕೆರೆ ನೋಡ್ತಾಳೆ. ಬಂದು ಮುಚ್ಚಳ ಕೊಡ್ತಾಳೆ."

"ಕಾಯಲ್ಲ! ನಾನೂ ಕೆರೆ ನೋಡ್ಬೇಕು. ಆದ್ರೆ ನಾನು ಹೋದ್ರೆ ಮರಿ ಯಾರು ಕಾಯ್ತಾರೆ?"

ಜಾಜಿ ಓಡಿದಳು, ಓಡಿದಳು, ಪಾರ್ಕಿನ ಗೇಟಿಗೇ ಓಡಿದಳು. ಗೇಟು ಮುಚ್ಚಿತ್ತು, ಕೆರೆ ಕಾಣಲಿಲ್ಲ. ಅಲ್ಲಿ ಕಾವಲಿಗೆ ಸಿದ್ಲಿಂಗ ಮಾವ.

"ಮಾವ, ಮಾವ, ಮರಿ ಕಾಯಿ. ಮೇಕೆಯಮ್ಮ ಕೆರೆ ನೋಡ್ತಾಳೆ. ಬಂದು ಕಡಲೆಕಾಯಿ ಕಾಯ್ತಾಳೆ. ಅಳಿಲಣ್ಣ ಕೆರೆ ನೋಡ್ತಾನೆ. ಬಂದು ಮೊಟ್ಟೆ ಕಾಯ್ತಾನೆ. ಕಾಗಕ್ಕ ಕೆರೆ ನೋಡ್ತಾಳೆ. ಬಂದು ಮುಚ್ಚಳ ಕೊಡ್ತಾಳೆ."

"ಕಾಯಲ್ಲ ಕಣವ್ವ. ಇಪ್ಪತ್ತು ವರ್ಷದಿಂದ ರಸ್ತೆ ಕಡೆ ಮುಖ ಮಾಡಿ ಕೂತಿದೀನಿ. ಕೆರೆ ಬೆನ್ನ ಹಿಂದೇನೇ ಇದೆ. ಒಂದಿನಾನೂ ಕಣ್ತುಂಬ ನೋಡಿಲ್ಲ. ನಾನು ಹೋದ್ರೆ ಗೇಟು ಯಾರು ಕಾಯ್ತಾರೆ?"

"ನಾನು!" ಅಂದಳು ಜಾಜಿ.

ಮಾವ ಗೇಟು ತೆಗೆದ. ಜಾಜಿ ಕುರ್ಚಿ ಹತ್ತಿ ಕೂತಳು. ಮುಖ ರಸ್ತೆ ಕಡೆಗೆ. ಬೆನ್ನಿಗೆ ತಣ್ಣನೆ ಗಾಳಿ. ಹಿಂದೆ ನೀರು ಗುಳುಗುಳು ಅಂತು. ತಿರುಗಿ ನೋಡೋಣ ಅನ್ನಿಸ್ತು. ತಿರುಗಲಿಲ್ಲ. ಗೇಟು ಕಾಯಬೇಕಲ್ಲ!

ಮಾವ ಹೋದ. ನೋಡಿದ. ಬಂದ. "ಅಬ್ಬಾ!" ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ.

ಮಾವ ಮರಿ ಕಾದ. ಮೇಕೆಯಮ್ಮ ಹೋದಳು. ನೋಡಿದಳು. ಬಂದಳು. "ಅಬ್ಬಬ್ಬಾ!" ಮೆಲುಕು ಹಾಕೋದೇ ಮರೆತಿದ್ದಳು.

ಮೇಕೆಯಮ್ಮ ಕಡಲೆಕಾಯಿ ಕಾದಳು. ಅಳಿಲಣ್ಣ ಹೋದ. ನೋಡಿದ. ಬಂದ. "ಅಬ್ಬಬ್ಬಬ್ಬಾ!" ಎತ್ತಿದ ಬಾಲ ಎತ್ತಿದ ಹಾಗೇ ಇತ್ತು.

ಅಳಿಲಣ್ಣ ಮೊಟ್ಟೆ ಕಾದ. ಕಾಗಕ್ಕ ಹೋದಳು. ನೋಡಿದಳು. ಬಂದಳು. ಮುಚ್ಚಳವನ್ನೇ ನೋಡ್ತಾ ಕೂತಳು. ಮಾವ ಗೇಟಿಗೆ ವಾಪಸ್ ಬಂದ, ಜಾಜಿ ಮರದ ಹತ್ರ ಓಡಿ ಬಂದಳು.

"ಜಾಜಿ, ಆಚೆ ದಡಾನೇ ಕಾಣಲ್ಲ ಕಣೇ. ಅಷ್ಟು ದೊಡ್ಡ ಆಕಾಶ ಪೂರ್ತಿ ಅದರೊಳಗಿದೆ. ಇದು ಬರೀ ಮುಚ್ಚಳ. ತಗೋ."

ಮುಚ್ಚಳ ಬಂತು. ಬುತ್ತಿ ಸಿದ್ಧ ಆಯ್ತು. ಬೆಳಗ್ಗೆ ಜಾಜಿ ಅಜ್ಜಿ ಕೈ ಹಿಡಿದು ಗೇಟು ದಾಟಿದಳು. ಈ ಸಲ ಮುಖ ಕೆರೆ ಕಡೆಗೆ. ಅಜ್ಜಿ ಪುಳಿಯೋಗರೆ ತುತ್ತು ಬಾಯಿಗಿಟ್ಟರೆ ಜಾಜಿಗೆ ಬಾಯಿ ಮುಚ್ಚೋಕೇ ಆಗಲಿಲ್ಲ.

ನಿಜ ಹೇಳಿಬಿಡ್ಲಾ? ಕಾಗೆ ಮುಚ್ಚಳ ವಾಪಸ್ ಕೊಟ್ಟಿದ್ದು ನಾನೇ ಕಟ್ಟಿದ ಕಥೆ. ಮತ್ತೇನು, ಜಾಜಿ ಕೆರೆ ನೋಡದೇ ಮನೇಲಿ ಅಳ್ತಾ ಕೂರಬೇಕಿತ್ತಾ?