ಉದುರಿದ್ದನ್ನೇ ಕಂಡ ಬಾಚಣಿಗೆ

ಶೇಷಗಿರಿ ಮೇಷ್ಟರ ಕನ್ನಡಿಯ ಹಲಗೆಯ ಮೇಲೆ ಹನ್ನೆರಡು ವರ್ಷ ಸೇವೆ ಮಾಡಿದ ಬಾಚಣಿಗೆಯೊಂದಿತ್ತು. ಮೇಷ್ಟರ ತಲೆಯ ವಿಷಯ ತನ್ನಷ್ಟು ಬಲ್ಲವರಿಲ್ಲ ಎಂದು ಅದರ ಜಂಬ. ಕೂದಲು ಉಳಿಸಿಕೊಳ್ಳಲು ಮೇಷ್ಟರು ಔಷಧಿಯ ಶೀಶೆಯೊಂದನ್ನು ತಂದರು. ಹಚ್ಚತೊಡಗಿದ ಮೂರನೇ ವಾರಕ್ಕೆ ಕೂದಲು ಮೊದಲಿಗಿಂತ ದುಪ್ಪಟ್ಟು ಉದುರಿ ಬಾಚಣಿಗೆಯ ಹಲ್ಲಿಗೆ ಸುತ್ತಿಕೊಂಡಿತು.

"ಏನಮ್ಮಾ, ಕಾಯಲು ಬಂದೆಯೋ, ಬೋಳಿಸಲು ಬಂದೆಯೋ?" ಎಂದು ಬಾಚಣಿಗೆ ಗದರಿತು.

"ಗಾಬರಿ ಬೇಡ ಅಣ್ಣಾ. ಹೊಸ ಕೂದಲಿಗೆ ಜಾಗ ಬಿಟ್ಟು ಹಳೆಯದು ಹೋಗುತ್ತಿದೆ. ನಾಲ್ಕು ತಿಂಗಳು ತಾಳಿಕೊಳ್ಳಿ" ಎಂದಿತು ಶೀಶೆ.

"ನನಗೇ ಪಾಠವೇ! ಬೋಳುತಲೆಯ ಬಾಚಣಿಗೆ ಎನಿಸಿಕೊಳ್ಳುವುದಕ್ಕಿಂತ ಮರ್ಯಾದೆಯಿಂದ ನಿವೃತ್ತಿಯಾಗುವುದೇ ಲೇಸು" ಎಂದು ಬಾಚಣಿಗೆ ಹಲಗೆಯ ಹಿಂದಿನ ಸಂದಿಗೆ ಜಾರಿಕೊಂಡಿತು.

ಆರು ತಿಂಗಳ ಮೇಲೆ ಕಸ ಗುಡಿಸುವಾಗ ಅದು ಸಿಕ್ಕಿತು. ಮೇಷ್ಟರ ತಲೆ ಮತ್ತೆ ಕಪ್ಪಗೆ ತುಂಬಿಕೊಂಡಿತ್ತು. ಅದನ್ನು ಬಾಚಲು ಹೊಸ ಬಾಚಣಿಗೆ ಬಂದಿತ್ತು. ಹಳೆಯದಕ್ಕೆ ಮೀಸೆ ತಿದ್ದುವ ಕೆಲಸ ಕೊಟ್ಟರು.

"ದಿನಾ ತಲೆಯ ಮೇಲೇ ಓಡಾಡುತ್ತಿದ್ದಿರಿ. ಮೊಳೆಯುತ್ತಿದ್ದ ಕೂದಲು ಕಾಣಲಿಲ್ಲವೇ?" ಎಂದು ಶೀಶೆ ಕೇಳಿತು.

ಬಾಚಣಿಗೆ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡು ನಕ್ಕಿತು. "ಎಲ್ಲಿ ಕಾಣಬೇಕು ತಾಯಿ? ಅವು ಬುಡ ಬಿಟ್ಟು ಕದಲಲಿಲ್ಲ. ನನ್ನ ಹಲ್ಲಿಗೆ ಸಿಕ್ಕಿದ್ದು ಬರೀ ಉದುರಿದವು. ನಾನು ಅವನ್ನೇ ತಲೆ ಎಂದುಕೊಂಡೆ."