ಹೆರೇಸಿನ ಮಣ್ಣು ಬಾಯಿ ಮುಚ್ಕೊಂಡಿದ್ದು

ಲೋಕ ಇನ್ನೂ ಹಸಿಹಸಿ ಇದ್ದ ಕಾಲ. ಸ್ಪೇನ್ ದೇಶದ ತೆಂಕಣ ತುದೀಲಿ, ಸಮುದ್ರದ ಹತ್ರ, ಹೆರೇಸ್ ಅಂತ ಒಂದು ಸೀಮೆ. ಅಲ್ಲಿ ಮಣ್ಣವ್ವ ಆಗ ಕಪ್ಪಗಿದ್ಳು. ಅವಳ ಮಡಿಲಲ್ಲಿ ಪಾಲೊಮಿನಾ ಅನ್ನೋ ದ್ರಾಕ್ಷಿಬಳ್ಳಿ ಇದ್ಳು. ಬಲು ಅನುಮಾನದ ಗಿರಾಕಿ. ತನ್ನ ನೆರಳು ಅಲ್ಲಾಡಿದ್ರೂ "ಯಾರದು?" ಅನ್ನೋಳು.

ಹಣ್ಣು ಕೊಯ್ದಾದ್ಮೇಲೆ ತೋಟ ನೋಡ್ಕೊಳ್ಳೋ ಕಸಿಲ್ದಮ್ಮ ಬಂದು, ಮಳೆನೀರು ನಿಲ್ಲಲಿ ಅಂತ ಸಾಲಿನ ನಡುನಡುವೆ ಚೌಕ ಗುಂಡಿ ತೋಡಿದ್ಳು. ಪಡುವಣ ಗಾಳಿ ಕಡಲಿಂದ ಮೋಡ ಹೊತ್ತು ತಂದ. ಚಳಿಗಾಲವೆಲ್ಲ ಮಳೆ ಹುಯ್ತು. ಗುಂಡಿ ತುಂಬ್ತು. ನೋಡ್ತಾ ನೋಡ್ತಾ ಖಾಲಿ!

"ಏನವ್ವಾ, ನೀರೆಲ್ಲ ಎಲ್ಲೋಯ್ತು?" ಅಂತ ಬಳ್ಳಿ ಮಣ್ಣವ್ವನ್ನ ಕೇಳಿದ್ಳು.

"ಎಲ್ಲೂ ಹೋಗಿಲ್ಲ, ಸುಮ್ನಿರು ಮಗಾ."

ಸುಮ್ನಿರು ಅಂತಾಳಲ್ಲ! ಆ ಕಸಿಲ್ದಮ್ಮ ತೋಡೋದು, ಇವಳು ನುಂಗೋದು. ಇಬ್ರೂ ಸೇರ್ಕೊಂಡವ್ರೆ, ಅಂದ್ಕೊಂಡ್ಳು ಬಳ್ಳಿ.

ಬೇಸಿಗೆ ಬಂತು. ಹನಿ ಮಳೆ ಇಲ್ಲ. ಗೊಂಚಲಲ್ಲಿ ಮಕ್ಕಳು ಸಾಸಿವೆಕಾಳಿನಷ್ಟಾಗಿ, "ಅವ್ವಾ ನೀರು, ಅವ್ವಾ ನೀರು" ಅಂತಿದ್ವು. ಇನ್ನೆರಡು ದಿನ ಹೋದ್ರೆ ಒಣಗಿ ಉದುರೋ ಹಾಗೆ. ಅಷ್ಟರಲ್ಲಿ ಮೂಡಗಾಳಿ ಬಂದ. ಬೆಂಕಿಯಂಥೋನು, ಎಲ್ಲಿ ನೀರು ಕಂಡ್ರೂ ಹೀರೋನು.

"ಏನಮ್ಮಾ, ನೀರಿದ್ಯಾ?"

"ಈ ಮಣ್ಣವ್ವನ್ನ ಕೇಳಪ್ಪಾ! ಚಳಿಗಾಲವೆಲ್ಲ ಕುಡಿದು ಹೊಟ್ಟೇಲಿ ಬಚ್ಚಿಟ್ಟವ್ಳೆ!"

ಮಣ್ಣವ್ವ ಬಾಯಿ ಬಿಗಿಯಾಗಿ ಮುಚ್ಚಿದ್ಳು. ಹೆದರಿಕೇಲಿ ಮುಖ ಸುಣ್ಣದ ಹಾಗೆ ಬೆಳ್ಳಗಾಗಿ, ಗಟ್ಟಿಯಾಗಿ ಹೋಯ್ತು. ಮೂಡಗಾಳಿ ಕೆರೆದ, ನೆಕ್ಕಿದ. ತೇವದ ವಾಸನೇನೂ ಸಿಗ್ಲಿಲ್ಲ. "ಥೂ, ಸುಳ್ಳುಬುರುಕಿ!" ಅಂತ ಬಳ್ಳಿಗೇ ಉಗಿದು ಹೋದ.

ಬಳ್ಳಿ ಬಿಡ್ತಾಳಾ? "ಕಳ್ಳಮಾಲು ಹಿಡ್ದೇ ಹಿಡೀತೀನಿ" ಅಂತ ಬೇರನ್ನ ಕೆಳಗಿಳಿಸಿದ್ಳು. ಕೆಳಗೆ, ಇನ್ನೂ ಕೆಳಗೆ. ಅಲ್ಲಿ ತಣ್ಣಗೆ, ಒದ್ದೆ ಒದ್ದೆ! ಚಳಿಗಾಲದ ಮಳೆಯೆಲ್ಲ ಅಲ್ಲೇ ಇತ್ತು.

"ನಿನ್ನ ಮಕ್ಕಳಿಗೇ ಕಣೇ ಇಟ್ಟಿದ್ದು," ಮಣ್ಣವ್ವ ತುಟಿ ಬಿಚ್ಚದೆ ಗೊಣಗಿದ್ಳು. "ನಿಂಗೆ ಹೇಳಿದ್ರೆ ಆ ಮೂಡಗಾಳಿ ಕಿವಿಗೆ ಹಾಕ್ತಿ ಅಂತಾನೇ ಹೇಳ್ಲಿಲ್ಲ. ಹಾಕಿದ್ಯಲ್ಲ ಮತ್ತೆ!"

ಬಳ್ಳಿ ತಲೆ ತಗ್ಗಿಸಿದ್ಳು. ಮಕ್ಕಳು ಕುಡಿದು ಗುಂಡಗಾದ್ವು. ಆದ್ರೆ ಹುಟ್ಟುಗುಣ ಬಿಡುತ್ತಾ? "ಇಷ್ಟೇನಾ? ಇನ್ನೂ ಕೆಳಗೆ ಏನೋ ಇಟ್ಟಿರ್ತೀಯ" ಅಂತ ಇನ್ನೊಂದು ಬೇರು ಬಿಟ್ಳು.

ಮಣ್ಣವ್ವನೂ ಅಷ್ಟೇ, ಈ ಬಾಯಿಬಡ್ಕಿ ಯಾವಾಗ ಏನು ಒದರ್ತಾಳೋ ಅಂತ ಅವಳನ್ನ ಮತ್ತೆ ನಂಬ್ಲಿಲ್ಲ.

ಅದಕ್ಕೇ ಕಂದಾ, ಇವತ್ತೂ ಹೆರೇಸಿನ ಮಣ್ಣು ಬೇಸಿಗೆ ಬಂದ್ರೆ ಬಾಯಿ ಬಿಗ್ಕೊಂಡು ಬೆಳ್ಳಗೆ ಕೂತಿರುತ್ತೆ, ಬಳ್ಳಿ ಬೇರು ಕತ್ತಲಲ್ಲಿ ತಡಕಾಡ್ತಾ ಕೆಳಕ್ಕಿಳೀತಾನೇ ಇರುತ್ತೆ, ಇಬ್ಬರ ಅನುಮಾನದ ಮಧ್ಯೆ ದ್ರಾಕ್ಷಿ ಮಾತ್ರ ಸುಡು ಬಿಸಿಲಲ್ಲೂ ರಸ ತುಂಬ್ಕೊಂಡು ತೂಗ್ತಿರುತ್ತೆ.